ಸೊಲ್ಲಾಪುರ–ಅಕ್ಕಲಕೋಟದ ಹಿತ್ತಲಿಗೆ ಯಾವ ಕೋಳಿ, ಎಲ್ಲಿಯ ಮರಿ?

ಅಕ್ಕಲಕೋಟ ತಾಲ್ಲೂಕಿನ ಮೈಂದರಗಿ, ದುಧನಿ, ನಾಗಣಸೂರ, ಕರಜಗಿಯಲ್ಲಿ, ಇತ್ತ ದಕ್ಷಿಣ ಸೊಲ್ಲಾಪುರದ ಮಂದ್ರೂಪ, ವಳಸಂಗದ ಕಡೆ, ಮನೆ ಹಿಂದೆ ಹತ್ತಿಪ್ಪತ್ತು ಕೋಳಿ ಸಾಕಬೇಕೆಂದು ಹೊರಟವರು ಮೊದಲು ಕೇಳುವುದು ‘ಯಾವ ಜಾತಿ ಚಲೋ ರೀ?’ ಎಂದು. ‘ಮರಿ ಎಲ್ಲಿ ಸಿಗ್ತಾವ?’ ಎಂಬುದು ಆಮೇಲಿನ ಮಾತು. ಈ ಎರಡು ಪ್ರಶ್ನೆಗಳ ಸರದಿಯನ್ನು ತಿರುಗಿಸಬೇಕು ಎನ್ನುವುದು ನನ್ನ ವಾದ. ಮರಿ ಎಂಥ ತಾಯಿಯ ತತ್ತಿಯಿಂದ ಬಂತು, ಹುಟ್ಟಿದ ದಿನವೇ ಅದಕ್ಕೆ ಲಸಿಕೆ ಬಿತ್ತೇ, ಎಷ್ಟು ಹೊತ್ತು ಬಿಸಿಲಲ್ಲಿ ಪ್ರಯಾಣ ಮಾಡಿತು, ಮೊದಲ ಆರು ವಾರ ಯಾರ ಕೈಯಲ್ಲಿ ಬೆಳೆಯಿತು ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ. ಜಾತಿಯ ಗುಣ ಕಾಣಿಸಿಕೊಳ್ಳುವುದು ಮರಿ ಬದುಕಿ ಉಳಿದ ಮೇಲೆ.

ಈ ಭಾಗದವರಿಗೆ ಒಂದು ಅನುಕೂಲವಿದೆ, ಅದನ್ನು ಗಮನಿಸಿದವರು ಕಡಿಮೆ. ಪುಣೆಯಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರವನ್ನು ಹಾದು ನಳದುರ್ಗ, ಉಮರಗಾ, ಹುಮನಾಬಾದಿನ ಮೇಲೆ ಮುಂದೆ ಸಾಗುತ್ತದೆ. ಆ ದಾರಿಯ ಪುಣೆ, ಹೈದರಾಬಾದ್ ಎರಡೂ ಭಾರತದ ಕೋಳಿ ಸಾಕಾಣಿಕೆಯ ದೊಡ್ಡ ಕೇಂದ್ರಗಳು. ಡಾ. ಬಿ.ವಿ. ರಾವ್ 1971ರಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ವೆಂಕಟೇಶ್ವರ ಹ್ಯಾಚರೀಸ್ ಆಮೇಲೆ ಪುಣೆಯಲ್ಲಿ ನೆಲೆಯೂರಿ ಬ್ರಾಯ್ಲರ್ ಮತ್ತು ಲೇಯರ್ ಮರಿಗಳನ್ನು ದೇಶಕ್ಕೆಲ್ಲ ಮುಟ್ಟಿಸಿತು. ಹೈದರಾಬಾದಿನ ರಾಜೇಂದ್ರನಗರದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವಿದೆ. ಹಿತ್ತಲ ಕೋಳಿಗೆಂದೇ ವನರಾಜ, ಗ್ರಾಮಪ್ರಿಯ, ಶ್ರೀನಿಧಿ ತಳಿಗಳನ್ನು ಬೆಳೆಸಿಕೊಟ್ಟ ಸಂಸ್ಥೆ ಅದು. ಸೊಲ್ಲಾಪುರದಿಂದ ಪುಣೆ ಸುಮಾರು 250 ಕಿಲೋಮೀಟರ್, ಹೈದರಾಬಾದ್ ಸುಮಾರು 300. ಪೂರ್ವಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಕಲಬುರಗಿ, ಅದರಾಚೆ ಪಶುವೈದ್ಯಕೀಯ ವಿಶ್ವವಿದ್ಯಾಲಯವಿರುವ ಬೀದರ್. ಒಂದು ರಾತ್ರಿಯ ಪ್ರಯಾಣದಲ್ಲಿ ಇಷ್ಟು ದಿಕ್ಕಿನಿಂದ ಮರಿ ತರಿಸಿಕೊಳ್ಳುವ ಅವಕಾಶ ಇಲ್ಲಿನ ಹಳ್ಳಿಗಳಿಗಿದೆ.

ಅವಕಾಶವಿದ್ದರೂ ಹವೆ ಕಠಿಣ. ಏಪ್ರಿಲ್–ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 42–44 ಡಿಗ್ರಿ ಮುಟ್ಟುತ್ತದೆ. ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈಯ ಕಾವು ಇಳಿಸಿಕೊಳ್ಳಬೇಕು. ಮೈ ದಪ್ಪವಾದಷ್ಟೂ, ಬೆಳವಣಿಗೆ ವೇಗವಾದಷ್ಟೂ ಈ ಕಷ್ಟ ಹೆಚ್ಚು. ಮೇ ತಿಂಗಳ ಮಧ್ಯಾಹ್ನ ಮಾರಾಟಕ್ಕೆ ಬಂದ ಬ್ರಾಯ್ಲರ್ ಕೋಳಿ ಮೊದಲು ಸಾಯುವುದು, ಜವಾರಿ ಕೋಳಿ ಬೇವಿನ ಮರದಡಿ ಮಣ್ಣು ಕೆದರಿಕೊಂಡು ಉಳಿಯುವುದು ಇದರಿಂದಲೇ. ಮಳೆಯೂ ಕಡಿಮೆ, ಅದರ ದೊಡ್ಡ ಪಾಲು ಸೆಪ್ಟೆಂಬರಿನಲ್ಲಿ ಬೀಳುತ್ತದೆ. ಆದರೆ ಮೇವಿನ ವಿಷಯದಲ್ಲಿ ಈ ನೆಲ ಉದಾರಿ. ಮೋಹೋಳದಲ್ಲಿ ಆಯ್ಕೆಯಾಗಿ ನಾಡಿಗೆಲ್ಲ ಹಬ್ಬಿದ ಮಾಲದಂಡಿ ಜೋಳ ಇಲ್ಲಿಯದೇ. ರಾಶಿ ಕಣದಲ್ಲಿ ಚೆಲ್ಲಿದ ಕಾಳು, ಜೋಳದ ನುಚ್ಚು, ತೊಗರಿಯ ಚುನ್ನಿ, ಹೊಲದ ಹುಳುಹುಪ್ಪಟೆ ಎಲ್ಲ ಸೇರಿ ಒಂದು ಮನೆಯ ಹತ್ತರಿಂದ ಇಪ್ಪತ್ತು ಕೋಳಿ ತಮ್ಮ ಹೊಟ್ಟೆಯ ಹೆಚ್ಚಿನ ಪಾಲನ್ನು ತಾವೇ ತುಂಬಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಿಟ್ಟರೆ ಚೀಲದ ಆಹಾರ ಕೊಳ್ಳಬೇಕು. ಆಗ ಲೆಕ್ಕವೇ ಬೇರೆ, ಜಾತಿಯ ಆಯ್ಕೆಯೂ ಬೇರೆ.

ಜವಾರಿಯಿಂದಲೇ ಶುರು ಮಾಡೋಣ. ಮರಾಠಿಯಲ್ಲಿ ಗಾವರಾನ್ ಎನ್ನುವ ಈ ಕೋಳಿ ಒಂದು ತಳಿಯಲ್ಲ, ತಲೆಮಾರುಗಳಿಂದ ಊರಲ್ಲೇ ಬೆರೆತು ಬಂದ ಸಂತತಿ. ವರ್ಷಕ್ಕೆ 40ರಿಂದ 60 ತತ್ತಿ, ದೊಡ್ಡದಾದ ಹ್ಯಾಟೆಯ ತೂಕ ಒಂದೂಕಾಲು–ಒಂದೂವರೆ ಕಿಲೋ. ಅಂಕಿಯಲ್ಲಿ ಇದು ಸಣ್ಣದು. ಆದರೆ ಅದು ಕಾವಿಗೆ ಕೂರುತ್ತದೆ, ಮರಿಗಳನ್ನು ಹದ್ದಿನಿಂದ ಕಾಯುತ್ತದೆ, ಮುಂಗುಲಿ ಬಂದರೆ ಗಿಡ ಹತ್ತುತ್ತದೆ, ಅದರ ತತ್ತಿಗೂ ಮಾಂಸಕ್ಕೂ ಸೊಲ್ಲಾಪುರದ ಪೇಟೆಯಲ್ಲಿ ಹೆಚ್ಚು ದರ ಸಿಗುತ್ತದೆ. ಕುತ್ತಿಗೆಯ ಮೇಲೆ ಪುಕ್ಕವಿಲ್ಲದ ಬೋಳು ಕತ್ತಿನ ಕೋಳಿ ಊರಲ್ಲಿ ಎಲ್ಲಾದರೂ ಕಂಡರೆ ಅದನ್ನು ಬಿಡಬಾರದು. ನೋಡಲು ಚೆಂದವಿಲ್ಲವೆಂದು ಜನ ಅದನ್ನು ಮೊದಲು ಕೊಯ್ದುಬಿಡುತ್ತಾರೆ. ಪುಕ್ಕ ಕಡಿಮೆ ಇರುವುದರಿಂದ ಮೈಯ ಬಿಸಿ ಬೇಗ ಹೊರಹೋಗುತ್ತದೆ, ಬಿಸಿಲು ನಾಡಿಗೆ ಅದು ಪ್ರಕೃತಿಯೇ ಕೊಟ್ಟ ಗುಣ. ಬರೇಲಿ ಬಳಿಯ ಇಜ್ಜತನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮ್ಮ ಹಿತ್ತಲ ತಳಿಗಳಿಗೆ ಇದೇ ಗುಣವನ್ನು ಸೇರಿಸಿಕೊಂಡಿದ್ದಾರೆ.

ಜವಾರಿ ಕೋಳಿಗೆ ರೋಗವೇ ಬರುವುದಿಲ್ಲ ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ಹಳ್ಳಿಯ ಕೋಳಿಗಳನ್ನು ಅತಿ ಹೆಚ್ಚು ಕೊಲ್ಲುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅಕ್ಕಲಕೋಟದ ಪಶು ದವಾಖಾನೆಯಲ್ಲಿ ಮರಾಠಿಯಲ್ಲಿ ಮಾನಮೋಡಿ ಎಂದರೂ ಅದೇ. ಹಸಿರು ಭೇದಿ, ಉಸಿರು ಕಟ್ಟುವುದು, ಕುತ್ತಿಗೆ ತಿರುಚುವುದು, ಎರಡು ಮೂರು ದಿನದಲ್ಲಿ ಓಣಿಯ ಗೂಡುಗಳೆಲ್ಲ ಖಾಲಿ. ಇದು ಜಾತಿ ನೋಡುವುದಿಲ್ಲ. ಬಿಸಿಲು, ಹುಳುಬಾಧೆ, ಕೊರತೆಯ ಮೇವು ತಾಳಿಕೊಳ್ಳುವುದರಲ್ಲಿ ಜವಾರಿ ಮುಂದು, ಅಷ್ಟು ನಿಜ. ಲಸಿಕೆ ಇಲ್ಲದ ಜವಾರಿಗಿಂತ ಲಸಿಕೆ ಬಿದ್ದ ಗಿರಿರಾಜ ಗಟ್ಟಿ.

ಗಿರಿರಾಜ ನಮ್ಮವರೇ ಮಾಡಿದ ಕೋಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದಲ್ಲಿ ರೂಪುಗೊಂಡು ಗಡಿ ದಾಟಿ ಮಹಾರಾಷ್ಟ್ರದ ಹಳ್ಳಿಗಳಿಗೆ ಎಷ್ಟು ಹಬ್ಬಿತೆಂದರೆ, ಅಲ್ಲಿ ಬಣ್ಣದ ದೊಡ್ಡ ಕೋಳಿಗೆಲ್ಲ ಗಿರಿರಾಜ ಎಂದೇ ಕರೆಯುವವರಿದ್ದಾರೆ. ಮಾಂಸಕ್ಕೂ ತತ್ತಿಗೂ ಆಗುವ ಇದು ವರ್ಷಕ್ಕೆ 130–150 ತತ್ತಿ ಇಡಬಲ್ಲದು. 2005ರಲ್ಲಿ ಅದೇ ಹೆಬ್ಬಾಳದಿಂದ ಬಂದ ಸ್ವರ್ಣಧಾರ ತತ್ತಿಯಲ್ಲಿ ಇನ್ನೂ ಮುಂದು, ಚೆನ್ನಾಗಿ ನೋಡಿಕೊಂಡರೆ 180ರ ಆಚೆ. ಮೈ ಗಿರಿರಾಜನಿಗಿಂತ ತುಸು ಹಗುರ, ಹಾಗಾಗಿ ನಾಯಿ–ಬೆಕ್ಕಿನಿಂದ ತಪ್ಪಿಸಿಕೊಳ್ಳುವುದು ಸುಲಭ. ಅಕ್ಕಲಕೋಟದ ಬಯಲಿಗೆ ಇವೆರಡರಲ್ಲಿ ನಾನು ಆರಿಸುವುದು ಸ್ವರ್ಣಧಾರವನ್ನೇ. ಗಿರಿರಾಜನ ಹುಂಜ ತೂಕ ತೂಗುವುದು ಸರಿ, ಆದರೆ ಭಾರದ ಕೋಳಿ ಮೇ ತಿಂಗಳನ್ನು ದಾಟುವುದು ಕಷ್ಟ. ನಾಲ್ಕು ತಿಂಗಳಲ್ಲಿ ಮಾರಿಬಿಡುವ ಉದ್ದೇಶವಿದ್ದರೆ ಗಿರಿರಾಜ ಇರಲಿ.

ರಾಜೇಂದ್ರನಗರದ ವನರಾಜ ಇದೇ ಬಗೆಯದು. ಆರು ವಾರಕ್ಕೆ ಮುಕ್ಕಾಲು ಕಿಲೋದ ಆಸುಪಾಸು ತೂಗುತ್ತದೆ, ಹಿತ್ತಲಲ್ಲಿ ವರ್ಷಕ್ಕೆ 100–110 ತತ್ತಿ. ಅದರ ಕಾಲು ಉದ್ದ, ಓಡಿ ತಪ್ಪಿಸಿಕೊಳ್ಳಲೆಂದು ಆ ಗುಣವನ್ನು ಬೇಕೆಂದೇ ಉಳಿಸಿಕೊಂಡದ್ದು. ಗ್ರಾಮಪ್ರಿಯ ತತ್ತಿಗಾಗಿಯೇ ಇರುವ ತಳಿ. ಹಿತ್ತಲ ಸಾಕಣೆಯಲ್ಲಿ 160–180 ತತ್ತಿ, ಬಣ್ಣ ಕಂದು, ತೂಕ 55 ಗ್ರಾಮಿನ ಮೇಲೆ. ಬಿಳಿ ತತ್ತಿಗೆ ಫಾರಂ ತತ್ತಿ ಎಂದು ಮುಖ ತಿರುಗಿಸುವ ಗಿರಾಕಿ ಕಂದು ತತ್ತಿಯನ್ನು ಸಂತೋಷದಿಂದ ಕೊಳ್ಳುತ್ತಾನೆ. ಮಕ್ಕಳ ಊಟಕ್ಕೆ ದಿನಾ ತತ್ತಿ ಬೇಕು, ಉಳಿದದ್ದು ಅಂಗಡಿಗೆ ಹೋಗಬೇಕು ಎನ್ನುವ ಮನೆಗೆ ಗ್ರಾಮಪ್ರಿಯಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಶ್ರೀನಿಧಿ ಎರಡರ ನಡುವಿನದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿಯೂ ತತ್ತಿಯ ಕಡೆ ವಾಲುವ ಬಣ್ಣದ ಕೋಳಿ. ಇವುಗಳ ಜೊತೆಗೆ ಹಳೆಯ ವಿದೇಶಿ ತಳಿಗಳಾದ ರೋಡ್ ಐಲ್ಯಾಂಡ್ ರೆಡ್ ಮತ್ತು ಕಪ್ಪು ಆಸ್ಟ್ರಲಾರ್ಪ್ ಇವೆ. ಸರ್ಕಾರಿ ಫಾರಂಗಳಲ್ಲಿ ಬಹುಕಾಲದಿಂದ ಇರುವುದರಿಂದ ಊರಿನವರಿಗೂ ಇವುಗಳ ಪರಿಚಯವಿದೆ. ಖಾಸಗಿಯವರ ಸಾತಪುಡಾ ಮುಂತಾದ ಹೆಸರಿನ ಬಣ್ಣದ ಮರಿಗಳೂ ಮಹಾರಾಷ್ಟ್ರದಲ್ಲಿ ಬೇಕಾದಷ್ಟು ಮಾರಾಟವಾಗುತ್ತವೆ. ಅವು ಬೇಗ ತೂಕ ಹಿಡಿಯುತ್ತವೆ, ಮಾಂಸಕ್ಕೆ ಸರಿ.

ಕಡಕನಾಥದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಧ್ಯಪ್ರದೇಶದ ಜಾಬುವಾದ ಈ ಕಪ್ಪು ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಿಜಕ್ಕೂ ಒಳ್ಳೆಯ ಕೋಳಿ, ಬಿಸಿಲು ತಡೆಯುತ್ತದೆ. ಆದರೆ ತತ್ತಿ ವರ್ಷಕ್ಕೆ ನೂರರ ಒಳಗೆ, ಬೆಳವಣಿಗೆ ನಿಧಾನ, ಕಾವಿಗೆ ಕೂರುವುದರಲ್ಲಿ ಹಿಂದು. ಅದರ ದರವನ್ನು ತೋರಿಸಿ ಜನರನ್ನು ಸೆಳೆದವರಿಂದ ನಮ್ಮ ಭಾಗಕ್ಕೆ ಆದ ನೋವು ಸಣ್ಣದಲ್ಲ. 2019ರಲ್ಲಿ ಸಾಂಗಲಿ ಜಿಲ್ಲೆಯ ಇಸ್ಲಾಂಪುರದ ಕಂಪನಿಯೊಂದರ ಮೇಲೆ ಪೊಲೀಸರಲ್ಲಿ ದೂರುಗಳು ದಾಖಲಾದವು. ಮರಿ ಮತ್ತು ಆಹಾರಕ್ಕೆಂದು ರೈತರಿಂದ ಮುಂಗಡ ಹಣ ಪಡೆದು, ತತ್ತಿ–ಕೋಳಿಗಳನ್ನು ಹೆಚ್ಚಿನ ದರಕ್ಕೆ ತಾನೇ ಕೊಳ್ಳುವೆನೆಂದು ಮಾತು ಕೊಟ್ಟು ತಪ್ಪಿದ ಆರೋಪ ಅದು. ಪಶ್ಚಿಮ ಮಹಾರಾಷ್ಟ್ರದ ಎಷ್ಟೋ ಯುವಕರು ಸಾಲ ಮಾಡಿ ಶೆಡ್ಡು ಕಟ್ಟಿದ್ದರು. ಹಾಗೆಯೇ ತವರೂರಿನ ಮರಿಯೆಂದ ಮಾತ್ರಕ್ಕೆ ಆರೋಗ್ಯ ಖಾತ್ರಿಯಲ್ಲ: 2021ರ ಜನವರಿಯಲ್ಲಿ ಜಾಬುವಾ ಜಿಲ್ಲೆಯ ಕಡಕನಾಥ ಫಾರಮಿನಲ್ಲೇ ಹಕ್ಕಿಜ್ವರ ಕಾಣಿಸಿತು. ಮರಿ ಮಾರುವವನೇ ಕೋಳಿಯನ್ನೂ ತತ್ತಿಯನ್ನೂ ದುಬಾರಿ ದರಕ್ಕೆ ಕೊಳ್ಳುತ್ತೇನೆ ಎಂದರೆ, ಅವನ ಲಾಭ ಮರಿ ಮಾರುವುದರಲ್ಲೇ ಇದೆ ಎಂದು ತಿಳಿದು ದೂರವಿರಬೇಕು. ಕಡಕನಾಥ ಬೇಕೆನ್ನುವವರು ಹತ್ತು ಕೋಳಿಯ ನಡುವೆ ಎರಡು ಸಾಕಿ ನೋಡಲಿ.

ಬ್ರಾಯ್ಲರ್, ಲೇಯರ್ ಮರಿಗಳು ಹಿತ್ತಲಿಗಲ್ಲ. ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ತತ್ತಿ ಇಡುವ ಲೇಯರ್ ಹ್ಯಾಟೆಗೆ ಅಳತೆಯ ಆಹಾರ, ಅಳತೆಯ ಬೆಳಕು ಬೇಕು. ಜೋಳದ ನುಚ್ಚಿನ ಮೇಲೆ ಅದನ್ನು ಬಿಟ್ಟರೆ ಎಲುಬು ಸವೆದು ಕುಸಿಯುತ್ತದೆ.

ಇಷ್ಟು ತಳಿಗಳಲ್ಲಿ ಯಾವುದನ್ನು ತಂದರೂ ಒಂದು ಸಂಗತಿ ಮನಸ್ಸಿನಲ್ಲಿರಲಿ. ಗಿರಿರಾಜ, ವನರಾಜ, ಗ್ರಾಮಪ್ರಿಯ ಇವೆಲ್ಲ ಬೇರೆ ಬೇರೆ ಸಾಲಿನ ತಂದೆ–ತಾಯಿಯನ್ನು ಕೂಡಿಸಿ ಪಡೆದವು. ಅವುಗಳ ತತ್ತಿಯನ್ನೇ ಮರಿ ಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ತೂಕ, ಆ ತತ್ತಿ ಉಳಿಯುವುದಿಲ್ಲ. ಹೈಬ್ರಿಡ್ ಜೋಳದ ತೆನೆಯನ್ನು ಬೀಜಕ್ಕಿಟ್ಟ ಹಾಗೆ. ಮೇಲಾಗಿ ಅವು ಕಾವಿಗೂ ಕೂರುವುದಿಲ್ಲ. ಆದ್ದರಿಂದ ಸುಧಾರಿತ ತಳಿ ಸಾಕುವವರು ಒಂದೂವರೆ ಎರಡು ವರ್ಷಕ್ಕೊಮ್ಮೆ ಹೊಸ ಮರಿ ತರಲೇಬೇಕು. ಇದು ಬೇಡವೆನಿಸಿದರೆ ಇನ್ನೊಂದು ದಾರಿಯಿದೆ: ಊರಿನ ಒಳ್ಳೆಯ ಜವಾರಿ ಹ್ಯಾಟೆಗಳನ್ನು ಇಟ್ಟುಕೊಂಡು, ಹೊರಗಿನಿಂದ ಒಂದು ಗಟ್ಟಿ ಹುಂಜ ತಂದು ಬಿಡುವುದು. ಮರಿಗಳಿಗೆ ತಾಯಿಯ ಜಾಣ್ಮೆ, ತಂದೆಯ ಮೈ ಎರಡೂ ಸ್ವಲ್ಪ ಸ್ವಲ್ಪ ಬರುತ್ತವೆ. ಆ ಹುಂಜನನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ಮಗಳನ್ನೇ ಕೂಡುತ್ತದೆ, ಸಂತತಿ ಸೊರಗುತ್ತದೆ. ಪಕ್ಕದೂರಿನವರೊಡನೆ ಹುಂಜ ಅದಲು ಬದಲು ಮಾಡಿಕೊಂಡರೆ ಖರ್ಚೂ ಇಲ್ಲ.

ಇನ್ನು ಎಲ್ಲಿಂದ ತರುವುದು ಎಂಬ ಮಾತು.

ಎಲ್ಲರಿಗೂ ಹತ್ತಿರದ್ದು ವಾರದ ಸಂತೆ. ಬೆಳೆದ ಕೋಳಿಯನ್ನು ಸಾಕಲೆಂದು ಸಂತೆಯಿಂದ ತರುವುದಕ್ಕೆ ನಾನು ಸಂಪೂರ್ಣ ವಿರುದ್ಧ. ಒಂದು ಊರಲ್ಲಿ ಕೋಳಿ ಸಾಯತೊಡಗಿದರೆ ಉಳಿದದ್ದಾದರೂ ಕಾಸಾಗಲಿ ಎಂದು ಜನ ಬುಟ್ಟಿ ತುಂಬಿ ಸಂತೆಗೆ ಒಯ್ಯುತ್ತಾರೆ. ಬಡವರ ಮನೆಯ ಲೆಕ್ಕದಲ್ಲಿ ಅದು ಸಹಜ. ಆದರೆ ನೋಡಲು ಚೆನ್ನಾಗಿರುವ ಆ ಕೋಳಿಯ ಮೈಯೊಳಗೆ ರೋಗ ಆಗಲೇ ಮೊಳೆತಿರುತ್ತದೆ, ಅದು ನಿಮ್ಮ ಗೂಡಿಗೆ ಬಂದು ಹೊರಬೀಳುತ್ತದೆ. ತರಲೇಬೇಕಾಗಿ ಬಂದರೆ ಎರಡು ಮೂರು ವಾರ ಮನೆಯ ಕೋಳಿಗಳಿಂದ ದೂರ, ಬೇರೆ ನೀರು–ಬೇರೆ ಕಾಳಿನಲ್ಲಿ ಇಡಬೇಕು. ಸೈಕಲ್ಲು, ಮೋಟಾರ್‌ಸೈಕಲ್ಲಿನ ಮೇಲೆ ಗುಲಾಬಿ–ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳು ಬಹುತೇಕ ಲೇಯರ್ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡು ಮರಿಗಳು. ತತ್ತಿ ಇಡುವುದಿಲ್ಲ, ಮೈಯೂ ಹಿಡಿಯುವುದಿಲ್ಲ, ಹಸಿವು–ಚಳಿಯಲ್ಲಿ ನಲುಗಿ ಎರಡೇ ದಿನದಲ್ಲಿ ಸಾಯುವವೇ ಹೆಚ್ಚು. ಮಗು ಅತ್ತರೂ ಕೊಳ್ಳಬೇಡಿ.

ಸರ್ಕಾರಿ ದಾರಿ ನಿಧಾನ, ಆದರೆ ತಾಯಿ ಕೋಳಿಗಳ ಜಾಡು ತಿಳಿಯುತ್ತದೆ. ಮಹಾರಾಷ್ಟ್ರದ ಪಶುಸಂಗೋಪನ ಇಲಾಖೆಗೆ ಪುಣೆ, ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ), ಕೊಲ್ಹಾಪುರ, ನಾಗಪುರಗಳಲ್ಲಿ ತತ್ತಿಯಿಂದ ಮರಿ ಮಾಡಿಸುವ ಕೇಂದ್ರೀಯ ಹ್ಯಾಚರಿಗಳಿವೆ. ಸೊಲ್ಲಾಪುರಕ್ಕೆ ಪುಣೆಯ ಖಡಕಿಯದೇ ಹತ್ತಿರ. ಜಿಲ್ಲಾ ಪರಿಷತ್ತಿನ ಏಕಾತ್ಮಿಕ ಕುಕ್ಕುಟ ವಿಕಾಸ ಯೋಜನೆಯಲ್ಲಿ ಎರಡು ಬಗೆಯಿದೆ: ಒಂದು ದಿನದ 100 ಮರಿಗಳು, ಇಲ್ಲವೇ ಎಂಟು–ಹತ್ತು ವಾರದ 25 ಹ್ಯಾಟೆ ಮತ್ತು 3 ಹುಂಜಗಳ ಗುಂಪು. ಎರಡಕ್ಕೂ ಅರ್ಧದಷ್ಟು ಅನುದಾನ. ಪಂಚಾಯತ್ ಸಮಿತಿಯ ಪಶುಧನ ವಿಕಾಸ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು, ಅರ್ಜಿ ಮರಾಠಿಯಲ್ಲಿರುತ್ತದೆ. ಹೊಸಬರು ಇದರಲ್ಲಿ ಆರಿಸಿಕೊಳ್ಳಬೇಕಾದದ್ದು 25 ಹ್ಯಾಟೆಯ ಗುಂಪನ್ನು, ಕಾರಣ ಮುಂದೆ ಹೇಳುತ್ತೇನೆ. ಸೊಲ್ಲಾಪುರದಲ್ಲಿ, ಮೋಹೋಳದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿ ಮರಿ ಯಾವಾಗಲೂ ಸಿಗುತ್ತದೆಂದಲ್ಲ. ಆದರೆ ಯಾವ ಹ್ಯಾಚರಿಯವರು ಮಾತಿಗೆ ತಪ್ಪುವುದಿಲ್ಲ ಎಂಬುದು ಅಲ್ಲಿನವರಿಗೆ ಗೊತ್ತಿರುತ್ತದೆ.

ಗಡಿಯಾಚೆ ಕರ್ನಾಟಕದಲ್ಲಿ ಅನುದಾನದ ಮರಿ ಅಲ್ಲಿನ ನಿವಾಸಿಗಳಿಗೆ ಮೀಸಲು. ಹಣ ಕೊಟ್ಟು ಕೊಳ್ಳಲು ಅಂಥ ತಡೆಯಿಲ್ಲ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆರಡನ್ನೂ ಮುಂಚಿತವಾಗಿ ವಿಚಾರಿಸಿ ಹೆಸರು ಬರೆಸಬಹುದು. ಅಕ್ಕಲಕೋಟದ ಕನ್ನಡ ಮನೆಗಳಿಗೆ ಇಲ್ಲೊಂದು ಹೆಚ್ಚಿನ ಲಾಭವಿದೆ. ಅಲ್ಲಿ ಸಾಕಣೆಯ ಕೈಪಿಡಿ, ಲಸಿಕೆಯ ಪಟ್ಟಿ ಕನ್ನಡದಲ್ಲೇ ಸಿಗುತ್ತದೆ, ಕೋಳಿ ನೋಡಿಕೊಳ್ಳುವ ತಾಯಂದಿರು ಅದನ್ನು ತಾವೇ ಓದಿಕೊಳ್ಳಬಹುದು. ಕನ್ನಡ ಶಾಲೆಯಲ್ಲಿ ಕಲಿತ ಹೆಣ್ಣುಮಗಳಿಗೆ ಮರಾಠಿ ಕರಪತ್ರ ಕೊಟ್ಟು ಕಳಿಸಿದರೆ ಲಸಿಕೆಯ ದಿನ ತಪ್ಪುವುದು ಆಶ್ಚರ್ಯವಲ್ಲ. ಸೊಲ್ಲಾಪುರ ಜಿಲ್ಲಾ ಪರಿಷತ್ತು ತನ್ನ ಕೋಳಿ ಯೋಜನೆಯ ಒಂದು ಪುಟವನ್ನಾದರೂ ಈ ತಾಲ್ಲೂಕಿಗೆ ಕನ್ನಡದಲ್ಲಿ ಅಚ್ಚು ಹಾಕಿಸಬೇಕು.

ಖಾಸಗಿ ಹ್ಯಾಚರಿಯಿಂದ ತರಿಸುವವರು ದರಕ್ಕಿಂತ ಮೊದಲು ಮೂರು ಮಾತು ಕೇಳಬೇಕು. ತಾಯಿ ಕೋಳಿಗಳು ನಿಮ್ಮವೇ, ಇಲ್ಲಾ ತತ್ತಿ ಹೊರಗಿನಿಂದ ಕೊಂಡು ಮರಿ ಮಾಡುತ್ತೀರಾ? ಇದು ಮುಖ್ಯ, ಏಕೆಂದರೆ ಮರಿಗಳ ಬಿಳಿ ಭೇದಿ ಮತ್ತು ದೀರ್ಘಕಾಲದ ಉಸಿರಾಟದ ರೋಗ ತಾಯಿಯಿಂದ ತತ್ತಿಯ ಮೂಲಕವೇ ಇಳಿದು ಬರುತ್ತವೆ. ತಾಯಿ ಕೋಳಿಗಳ ರಕ್ತ ಪರೀಕ್ಷೆ ಮಾಡಿಸಿ ಸೋಂಕಿನವನ್ನು ತೆಗೆದುಹಾಕುವ ಹ್ಯಾಚರಿಯಲ್ಲಿ ಮಾತ್ರ ಅದು ತಪ್ಪುತ್ತದೆ. ಎರಡನೆಯದು, ಮಾರೆಕ್ಸ್ ಲಸಿಕೆ ಹಾಕಿದ್ದೀರಾ? ಮೂರು ನಾಲ್ಕು ತಿಂಗಳಿಗೆ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬೀಳುವ ಆ ರೋಗಕ್ಕೆ ಮರಿ ಹ್ಯಾಚರಿ ಬಿಡುವ ಮುಂಚೆಯೇ ಲಸಿಕೆ ಬೀಳಬೇಕು. ಮನೆಗೆ ಬಂದ ಮೇಲೆ ಹಾಕಿ ಪ್ರಯೋಜನವಿಲ್ಲ. ಹಾಕಿದ್ದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬರೆದುಕೊಡಲು ಹಿಂಜರಿಯುವವನಲ್ಲಿ ಕೊಳ್ಳಬೇಡಿ. ಮೂರನೆಯದು, ಯಾವ ದಿನ, ಎಷ್ಟು ಹೊತ್ತಿಗೆ ಹುಟ್ಟಿದ ಮರಿ?

ಮರಿ ಕೈಗೆ ಬಂದಾಗ ನೋಡುವುದು ಹೀಗೆ. ಪೆಟ್ಟಿಗೆ ತೆರೆದ ಕೂಡಲೇ ಮರಿಗಳು ಚಿಲಿಪಿಲಿ ಎಂದು ಎದ್ದು ಓಡಾಡಬೇಕು. ಒಂದನ್ನು ಅಂಗೈಯಲ್ಲಿ ಬೆನ್ನ ಮೇಲೆ ಮಲಗಿಸಿದರೆ ಒಂದೆರಡು ಕ್ಷಣದಲ್ಲಿ ತಿರುಗಿ ನಿಲ್ಲಬೇಕು. ಹೊಕ್ಕಳು ಪೂರ್ತಿ ಮುಚ್ಚಿರಬೇಕು. ಅಲ್ಲಿ ಹಸಿಯಾಗಿದ್ದರೆ, ಕಪ್ಪು ಗುಂಡಿಯಂತೆ ಉಳಿದಿದ್ದರೆ, ಹೊಟ್ಟೆ ಉಬ್ಬಿ ನಾತ ಬರುತ್ತಿದ್ದರೆ ಅದು ವಾರ ದಾಟುವುದಿಲ್ಲ. ಹಿಂಭಾಗದಲ್ಲಿ ಬಿಳಿ ಸುಣ್ಣದಂತೆ ಅಂಟಿದ್ದರೆ ಬಿಳಿ ಭೇದಿಯ ಗುಮಾನಿ, ಇಡೀ ಪೆಟ್ಟಿಗೆಯನ್ನು ಹಿಂದೆ ಕಳಿಸಿ. ಕಾಲಿನ ಚರ್ಮ ಹೊಳೆಯುತ್ತ ತುಂಬಿಕೊಂಡಿದ್ದರೆ ಸರಿ, ಒಣಗಿ ನರ ಎದ್ದು ಕಂಡರೆ ಮರಿಯ ಮೈಯಲ್ಲಿ ನೀರು ಆರಿದೆ. ತೂಕ 35–40 ಗ್ರಾಮ್, ಎಲ್ಲವೂ ಹೆಚ್ಚು ಕಡಿಮೆ ಒಂದೇ ಸಮ. ಒಂದೇ ಪೆಟ್ಟಿಗೆಯಲ್ಲಿ ದೊಡ್ಡದು–ಸಣ್ಣದು ಬೆರೆತಿದ್ದರೆ ಎರಡು ಮೂರು ದಿನದ ಮರಿಗಳನ್ನು ಕೂಡಿಸಿ ಕಳಿಸಿದ್ದಾರೆ ಎಂದರ್ಥ.

ಹುಟ್ಟಿದ ಮರಿಯ ಹೊಟ್ಟೆಯಲ್ಲಿ ತತ್ತಿಯ ಹಳದಿ ಲೋಳೆ ಉಳಿದಿರುತ್ತದೆ, ಅದರ ಬಲದಲ್ಲಿ ಅದು ಎರಡು ದಿನ ಕಾಳು–ನೀರಿಲ್ಲದೆ ಇರಬಲ್ಲದು. ಇಡೀ ಮರಿ ವ್ಯಾಪಾರ ನಿಂತಿರುವುದು ಈ ಎರಡು ದಿನದ ಮೇಲೆ. ಬಿಸಿಲು ಕಾಲದಲ್ಲಿ ಅದು ಒಂದು ದಿನಕ್ಕೂ ಸಾಲುವುದಿಲ್ಲ. ಆದ್ದರಿಂದ ಮರಿ ರಾತ್ರಿಯೇ ಬರಬೇಕು. ಹೈದರಾಬಾದಿನಿಂದ, ಪುಣೆಯಿಂದ ಸಂಜೆ ಹೊರಟರೆ ಬೆಳಗಿನೊಳಗೆ ಸೊಲ್ಲಾಪುರ. ಬಸ್ಸಿನ ಡಿಕ್ಕಿಯಲ್ಲಿ ಗಾಳಿಯಿಲ್ಲದೆ ಉಸಿರು ಕಟ್ಟುತ್ತದೆ, ಮೇಲಿನ ತೆರೆದ ಕ್ಯಾರಿಯರಿನಲ್ಲಿ ಗಾಳಿ ಹೊಡೆದು ಚಳಿ ಹಿಡಿಯುತ್ತದೆ. ಸೀಟಿನ ಪಕ್ಕ ಇಟ್ಟುಕೊಂಡು ಬಂದರೆ ಒಳ್ಳೆಯದು. ಬಂದ ಕೂಡಲೇ ಬೆಲ್ಲ ಬೆರೆಸಿದ ಉಗುರುಬೆಚ್ಚನೆ ನೀರು, ಎರಡು ಮೂರು ತಾಸಿನ ಮೇಲೆ ಕಾಳು.

ಯಾವ ತಿಂಗಳು ಎಂಬುದಕ್ಕೆ ಎಲ್ಲರ ಉತ್ತರ ಒಂದೇ ಇರುವುದಿಲ್ಲ. ನನ್ನ ಮತ ಆಷಾಢದ ಕೊನೆ, ಶ್ರಾವಣದ ಶುರುವಿಗೆ. ಬಿಸಿಲು ಇಳಿದಿರುತ್ತದೆ, ಶ್ರಾವಣದಲ್ಲಿ ಮಾಂಸದ ಗಿರಾಕಿ ಕಡಿಮೆಯಾಗಿ ಮರಿಯ ದರವೂ ಸಾಮಾನ್ಯವಾಗಿ ಇಳಿಯುತ್ತದೆ, ಸೆಪ್ಟೆಂಬರಿನ ದೊಡ್ಡ ಮಳೆ ಬರುವಷ್ಟರಲ್ಲಿ ಮರಿ ಆರು ವಾರ ದಾಟಿ ಗಟ್ಟಿಯಾಗಿರುತ್ತದೆ. ಹುಂಜಗಳು ದೀಪಾವಳಿಯ ಹೊತ್ತಿಗೆ ಮಾರಾಟಕ್ಕೆ ಬರುತ್ತವೆ, ಹ್ಯಾಟೆಗಳು ಸಂಕ್ರಾಂತಿಯ ಸುಮಾರಿಗೆ, ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆ ನಡೆಯುವ ದಿನಗಳಲ್ಲಿ, ತತ್ತಿಗೆ ಬೀಳುತ್ತವೆ. ಮಳೆಗಾಲದ ಅಪಾಯ ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಹಸಿಯಾಗುವುದು. ಅದರಿಂದ ರಕ್ತ ಭೇದಿ ಬರುತ್ತದೆ. ಹೊಟ್ಟನ್ನು ದಿನಾ ಕೆದರಿ ಒಣಗಿಸಿದರೆ ತಡೆಯಬಹುದು. ಮಾರ್ಚಿನಲ್ಲಿ ಮರಿ ತಂದು ಆಷಾಢದ ಬಾಡೂಟಕ್ಕೆ ಮಾರುವ ಲೆಕ್ಕ ಹಾಕುವವರೂ ಇದ್ದಾರೆ. ನೆರಳು, ನೀರು, ಒದ್ದೆ ಗೋಣಿಯ ಪರದೆ ಇರುವವರಿಗೆ ಮಾತ್ರ ಅದು ಸಾಧ್ಯ.

ಲಸಿಕೆಗಳಲ್ಲಿ ಹಿತ್ತಲ ಕೋಳಿಗೆ ತಪ್ಪಿಸಲೇಬಾರದವು ಇಷ್ಟು: ಐದರಿಂದ ಏಳನೆಯ ದಿನ ಕಣ್ಣಿಗೊಂದು ಹನಿ ಲಸೋಟಾ (ಕೊಕ್ಕರೆ ರೋಗದ ಲಸಿಕೆ), ಎರಡು ವಾರಕ್ಕೆ ಗಂಬೋರೊ ರೋಗದ್ದು, ನಾಲ್ಕನೆಯ ವಾರ ಮತ್ತೆ ಲಸೋಟಾ, ಆರನೆಯ ವಾರ ಸಿಡುಬಿನದು, ಎಂಟನೆಯ ವಾರ ರೆಕ್ಕೆಯ ಬುಡದ ಚರ್ಮದಡಿ ಆರ್2ಬಿ. ಕೊಕ್ಕರೆ ರೋಗಕ್ಕೆ ಬಲವಾದ ಕವಚ ಈ ಕೊನೆಯದೇ. ಪುಣೆಯ ಪಶುವೈದ್ಯಕೀಯ ಜೈವಿಕ ಉತ್ಪನ್ನ ಸಂಸ್ಥೆಯಲ್ಲಿ, ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ಸರ್ಕಾರವೇ ಕೋಳಿ ಲಸಿಕೆ ತಯಾರಿಸುತ್ತದೆ, ಬೆಲೆಯೂ ಅಲ್ಪ. ಹಾಗಿದ್ದೂ ಹಳ್ಳಿಯ ಗೂಡುಗಳಿಗೆ ಅದು ಮುಟ್ಟುವುದಿಲ್ಲ. ಕಾರಣ ಜನರ ಉದಾಸೀನವಲ್ಲ, ಸೀಸೆಯ ಅಳತೆ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಲಸಿಕೆ ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಎಂಟು ಕೋಳಿಯ ಮನೆಯವರು ಅದನ್ನು ತಂದು ಉಳಿದದ್ದನ್ನು ಚೆಲ್ಲಬೇಕೇ?

ಮರಿಯ ಪೆಟ್ಟಿಗೆಯ ಅಳತೆಯೂ ಅದೇ. ನಾಲ್ಕು ಖಾನೆ, ಖಾನೆಗೆ 25, ಒಟ್ಟು 100. ಹತ್ತು ಮರಿ ಬೇಕೆಂದರೆ ಯಾವ ಹ್ಯಾಚರಿಯೂ ಕಳಿಸುವುದಿಲ್ಲ. ಹಾಗಾಗಿ ಹತ್ತು ಬೇಕಾದವರು ಸಂತೆಗೆ, ಸೈಕಲ್ಲಿನವನಿಗೆ ಸಿಕ್ಕಿಬೀಳುತ್ತಾರೆ. ಪೆಟ್ಟಿಗೆಯೂ ನೂರು, ಸೀಸೆಯೂ ನೂರು ಎಂದ ಮೇಲೆ ಕೋಳಿ ಕೊಳ್ಳುವವರು ಒಂಟಿ ಮನೆಯಾಗಿರದೆ ಓಣಿಯಾಗಿರಬೇಕು. ಹತ್ತು ಮನೆಯವರು ಕೂಡಿ ಒಂದು ಪೆಟ್ಟಿಗೆ ತರಿಸುವುದು, ಅನುಭವವಿರುವ ಒಬ್ಬರ ಮನೆಯಲ್ಲಿ ಆರರಿಂದ ಎಂಟು ವಾರ ಒಟ್ಟಿಗೆ ಬೆಳೆಸುವುದು, ಎಲ್ಲ ಲಸಿಕೆಯನ್ನೂ ಅಲ್ಲೇ ಮುಗಿಸಿ ಆಮೇಲೆ ಹಂಚಿಕೊಳ್ಳುವುದು. ಹಿತ್ತಲಲ್ಲಿ ಸಾಯುವ ಮರಿಗಳಲ್ಲಿ ಹೆಚ್ಚಿನವು ಸಾಯುವುದು ಈ ಮೊದಲ ವಾರಗಳಲ್ಲೇ: ಚಳಿಗೆ, ಬೆಕ್ಕಿಗೆ, ಕಾಗೆಗೆ. ಅನುದಾನದಲ್ಲಿ 25 ಹ್ಯಾಟೆಯ ಗುಂಪೇ ಮೇಲು ಎಂದದ್ದು ಇದಕ್ಕೇ. ಎಂಟು ವಾರದ ಮರಿಗೆ ಮೂರು ನಾಲ್ಕು ಪಟ್ಟು ದರ ಕೊಟ್ಟರೂ ಲೆಕ್ಕ ಹಾಕಿದರೆ ಅದೇ ಅಗ್ಗ.

ಮರಿ ಬೆಳೆಸಿಕೊಡುವ ಇಂಥ ಮನೆಗೆ ಮದರ್ ಯುನಿಟ್ ಎನ್ನುತ್ತಾರೆ. ನೂರು ಮರಿಗೆ ಹತ್ತಡಿ ಉದ್ದ–ಹತ್ತಡಿ ಅಗಲದ ಕೋಣೆ ಸಾಕು. ತಗಡು ಅಥವಾ ರಟ್ಟಿನಿಂದ ಮಾಡಿದ ದುಂಡನೆಯ ಆವರಣ, ಮರಿಗೆ ಎರಡು ವ್ಯಾಟಿನ ಲೆಕ್ಕದಲ್ಲಿ ಬಲ್ಬು, ಮೊದಲ ವಾರ 35 ಡಿಗ್ರಿ ಕಾವು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಕೆ. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ಗುಂಪುಗಟ್ಟಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಕರೆಂಟು ಹೋಗುವ ಊರಲ್ಲಿ ಇದ್ದಿಲ ಶಿಗಡಿ ಇಡುವವರು ಹೊಗೆ ಹೋಗಲು ಕಿಟಕಿ ಬಿಡಲೇಬೇಕು, ಇಲ್ಲವಾದರೆ ಬೆಳಗಿನೊಳಗೆ ಎಲ್ಲವೂ ಸತ್ತಿರುತ್ತವೆ. ಆರು ವಾರಕ್ಕೆ ಮರಿಯೊಂದಕ್ಕೆ ಒಂದೂವರೆ ಕಿಲೋ ಆಸುಪಾಸು ಆಹಾರ, ಅಂದರೆ ನೂರಕ್ಕೆ 50 ಕಿಲೋದ ಮೂರು ಚೀಲ. ಒಂದು ಬಚತ್ ಗಟಕ್ಕೆ, ಅಂದರೆ ಸ್ವಸಹಾಯ ಗುಂಪಿಗೆ, ಇದು ಆಗದ ಕೆಲಸವಲ್ಲ. ಮಹಾರಾಷ್ಟ್ರದ ಗ್ರಾಮೀಣ ಜೀವನೋಪಾಯ ಅಭಿಯಾನವಾದ ಉಮೇದ್ ಅಡಿ ಈ ತಾಲ್ಲೂಕಿನ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳಿವೆ, ಅವರಿಗೆ ಬ್ಯಾಂಕಿನ ಪರಿಚಯವೂ ಇದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಲ್ಲವರಿಗೆ ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಇದೆ. 2021ರಲ್ಲಿ ಪರಿಷ್ಕರಿಸಿದ ಈ ಯೋಜನೆಯಲ್ಲಿ ಸಾವಿರ ತಾಯಿ ಕೋಳಿ, ಹ್ಯಾಚರಿ, ಮದರ್ ಯುನಿಟ್ ಮೂರೂ ಇರುವ ಗ್ರಾಮೀಣ ಕೋಳಿ ಘಟಕಕ್ಕೆ ಬಂಡವಾಳದ ಅರ್ಧದಷ್ಟು, ಗರಿಷ್ಠ 25 ಲಕ್ಷ ರೂಪಾಯಿ ಅನುದಾನ ಸಿಗುತ್ತದೆ. ಅಂಥದೊಂದು ಘಟಕ ಅಕ್ಕಲಕೋಟದಲ್ಲೇ ಎದ್ದರೆ ಸೊಲ್ಲಾಪುರ, ಆಳಂದ, ಅಫಜಲಪುರ, ಇಂಡಿಯ ಹಳ್ಳಿಗಳಿಗೆಲ್ಲ ಮರಿ ಒಂದೆರಡು ತಾಸಿನ ದಾರಿಯಾಗುತ್ತದೆ. ಮರಿ ಕೊಳ್ಳುವವರೇ ಹೋಗಿ ತಾಯಿ ಕೋಳಿಗಳನ್ನು ಕಣ್ಣಾರೆ ನೋಡಿ ಬರಬಹುದು.

ಅದು ಏಳುವತನಕ ಓಣಿಯ ಪೆಟ್ಟಿಗೆಯೇ ದಾರಿ. ಆರಂಭ ಮಾಡುವವರು ಹಣ ಕೂಡಿಸುವ ಮೊದಲೇ ಒಂದು ನಿಯಮಕ್ಕೆ ಎಲ್ಲರನ್ನೂ ಒಪ್ಪಿಸಿಕೊಳ್ಳಬೇಕು: ಒಂದು ತಂಡದ ಮರಿ ಹಂಚಿದ ಮೇಲೆ ಹಳೆಯ ಹೊಟ್ಟನ್ನು ತಿಪ್ಪೆಗೆ ಹಾಕಿ, ನೆಲ–ಗೋಡೆಗೆ ಸುಣ್ಣ ಬಳಿದು, ಎರಡು ವಾರ ಕೋಣೆಯನ್ನು ಖಾಲಿ ಬಿಡಬೇಕು. ಮುಂದಿನ ಪೆಟ್ಟಿಗೆಗೆ ಹೇಳುವುದು ಆಮೇಲೆ.